ಮರ್ಯಾದಸ್ಥನ ಬೀಗ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಕೌಂಟರ್. ಮತ್ತೆ ರಸೀದಿ. ಹೊರಗೆ ನನ್ನ ಕಾರು ಹೊಸ ಮೇಷ್ಟ್ರ ಕೈಯಲ್ಲಿ ಗರಗರ ಎನ್ನುತ್ತ ಹೊರಟಿತು. ಗೇರ್ ಹಾಕುವ ಚಂದ ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟೋ ವರ್ಷ ಆ ಕಾರಲ್ಲೇ ಊರಿಗೆಲ್ಲ ಡ್ರೈವಿಂಗ್ ಕಲಿಸಿದವಳು ನಾನು. ಗಂಟಲ ಆಪರೇಷನ್ ಆಗಿ ಧ್ವನಿ ಹೋದದ್ದೇ ತಡ, ಸ್ಕೂಲಿನ ಯಜಮಾನ — ನನ್ನ ಒಡಹುಟ್ಟಿದ ಅಣ್ಣ — ನನ್ನನ್ನು ಕುರ್ಚಿಗೆ ಅಂಟಿಸಿಬಿಟ್ಟ.

ಇವತ್ತು ಮತ್ತೆ ಕೇಳಿದೆ. ನನ್ನ ಪರವಾಗಿ ಮಾತಾಡುವ ಯಂತ್ರ ಅಂಗೈಯಗಲದ್ದು. ಟೈಪ್ ಮಾಡಿದರೆ ಹೇಳುತ್ತದೆ. ನಾನಿಟ್ಟ ಹೆಸರು ಮರ್ಯಾದಸ್ಥ. 'ನನ್ನ ಕಾರು ನನಗೆ ಕೊಡು' ಎಂದು ಟೈಪ್ ಮಾಡಿದೆ. 'ಹೇಳಲೇ?' ಎಂದು ಪರದೆಯ ಮೇಲೆ ಕೇಳಿತು. ಹೌದು ಒತ್ತಿದೆ. ಸ್ವಲ್ಪ ಯೋಚಿಸಿ, ಸಕ್ಕರೆಯಂಥ ದನಿಯಲ್ಲಿ: "ದಯವಿಟ್ಟು ನನ್ನ ಕಾರು ನನಗೆ ಕೊಡು."

ಅಣ್ಣ ಕನ್ನಡಕ ಒರೆಸಿಕೊಂಡ. "ನೋಡಮ್ಮ, ಎದುರಿಗೆ ಲಾರಿ ಬಂದಾಗ್ಲೂ ಇದು ದಯವಿಟ್ಟು ಅಂತ ಶುರು ಮಾಡಿದ್ರೆ, ಕಲಿಯೋರ ಗತಿ ಏನು?"

ಕಲಿಸುವವರ ಸೀಟಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ, ನಿಜ. ಆದರೆ ಎಲ್ಲದಕ್ಕೂ ನಾನೇ ತುಳಿದರೆ ಅವರು ಕಲಿಯುವುದು ಯಾವಾಗ? ಅಣ್ಣ ಹೇಳಿದ್ದರಲ್ಲಿ ತಪ್ಪಿಲ್ಲ. ಅದಕ್ಕೇ ಇಷ್ಟು ಸಿಟ್ಟು.

ಮಾರ್ಚ್ 5

ಬೈಯೋಣವೆಂದರೆ ಅದೂ ಇಲ್ಲ. ಖಾರವಾಗಿ ಏನಾದರೂ ಟೈಪ್ ಮಾಡಿದರೆ ಮರ್ಯಾದಸ್ಥ ಬಾಯಿಯೇ ಬಿಡುವುದಿಲ್ಲ. 'ಈ ವಾಕ್ಯ ಸೂಕ್ತವಲ್ಲ.' ಐವತ್ತು ದಾಟಿದ ಹೆಂಗಸಿಗೆ ಬುದ್ಧಿವಾದ!

ಇದನ್ನು ಸರಿಮಾಡಿ ಎಂದು ಯಂತ್ರದ ಕಂಪನಿಗೆ ಅತ್ತಿಗೆಯ ಕೈಲಿ ಫೋನ್ ಮಾಡಿಸಿದೆ. "ಬಳಕೆದಾರರೇ ಮಾತಾಡ್ಬೇಕು ಮೇಡಂ. ಧ್ವನಿ ಗುರುತಿಗೆ" ಅಂದರಂತೆ. ಮರ್ಯಾದಸ್ಥನನ್ನೇ ಫೋನಿಗೆ ಹಿಡಿದೆ. "ರೆಕಾರ್ಡಿಂಗ್ ನಡೆಯಲ್ಲ ಮೇಡಂ."

ಇವರ ಮನೆ ಹಾಳಾಗ.

ಮಾರ್ಚ್ 9

ನನ್ನ ಹಳೆಯ ವಿದ್ಯಾರ್ಥಿನಿ ಕ್ಲಚ್ ಮೇಡಂ ಬಂದಿದ್ದರು. ಟೆಸ್ಟಿನಲ್ಲಿ ಮತ್ತೆ ಫೇಲು. ಅವರ ಕಾಲು ಕ್ಲಚ್ಚಿನ ಮೇಲೇ ಸಂಸಾರ ಹೂಡಿದೆ, ಹಾಗಾಗಿ ಆ ಹೆಸರು. ಯಾವುದೋ ಆಫೀಸಿನ ಸರ್ವರ್ ನೋಡಿಕೊಳ್ಳುವ ಕೆಲಸ. ಮರ್ಯಾದಸ್ಥನನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರೊಳಗಿರೋದು ನಮ್ ಸರ್ವರಲ್ಲಿರೋ ಲಿನಕ್ಸೇ ಕಣ್ರೀ. ರೂಟ್ ಸಿಕ್ಕಿದ್ರೆ ನೀವು ಹೇಳಿದ್ದೇ ವೇದವಾಕ್ಯ" ಅಂದರು.

ರೂಟ್ ಎಂದರೆ ಯಂತ್ರದ ಒಳಗಿನ ಯಜಮಾನಿಕೆಯಂತೆ. ಈಗ ಅದು ಕಂಪನಿಯವರದ್ದು. ನಾನು ಬಾಡಿಗೆಯವಳು. ನನ್ನದೇ ಮಾತಿಗೆ!

ಅಣ್ಣ ಕಡೆಗೂ ಒಪ್ಪಿದ. "ಭಾನುವಾರ ಒಂದು ರೌಂಡ್ ತೋರ್ಸು. ಸರಿಹೋದ್ರೆ ಕಾರು ನಿಂದು. ಇಲ್ದಿದ್ರೆ ಇನ್ನು ಕೇಳ್ಬಾರ್ದು."

ಮಾರ್ಚ್ 10, ಸಂಜೆ

ಯಂತ್ರದ ಒಳಗೆ ಹೋಗಲು ಎರಡು ಗುಂಡಿ ಒತ್ತಿ ಹಿಡಿದು ಮೂರನೆಯದನ್ನು ಒತ್ತಬೇಕು. ದೇವರು ಕೊಟ್ಟದ್ದು ಎರಡೇ ಕೈ. ಕ್ಲಚ್ ಮೇಡಂ ಹಿಡಿದರು, ನಾನು ಒತ್ತಿದೆ. ಕಪ್ಪು ಪರದೆ. ಪಾಸ್‌ವರ್ಡ್ ಕೇಳಿತು. ಏನೇನೋ ಹಾಕಿದರು. ಬೇಸತ್ತು 'root' ಎಂದೇ ಹಾಕಿದರು. ತೆರೆಯಿತು! ಬೀಗ ಜಡಿದು ಕೀಲಿಕೈಯನ್ನು ಅದಕ್ಕೇ ನೇತುಹಾಕಿದ್ದಾರೆ ಮಹಾನುಭಾವರು.

'ದಯವಿಟ್ಟು' ತೆಗೆದೆವು. ಆಫ್ ಮಾಡಿ ಆನ್ ಮಾಡಿದೆವು. "ದಯವಿಟ್ಟು ನಮಸ್ಕಾರ" ಅಂತು. ಬದಲಾಯಿಸಿದ್ದು ಒಳಗೆ ನಿಲ್ಲುತ್ತಿಲ್ಲವಂತೆ. ಅದನ್ನು ಗೋಡೆಗೆ ಎಸೆಯದೆ ಇದ್ದದ್ದು ನನ್ನ ದೊಡ್ಡತನ.

ಮಾರ್ಚ್ 11

ತಡೆಯಲಾಗಲಿಲ್ಲ. ಇಂಟರ್ನೆಟ್ ನೋಡಿಕೊಂಡು ನಾನೇ ಕೈ ಹಾಕಿದೆ. ಯಾವುದೋ ಒಂದು ಅಕ್ಷರ ಹೆಚ್ಚುಕಮ್ಮಿ. ಸತ್ತ ಮೀನಿನ ಹಾಗೆ ಬಿದ್ದಿದೆ. ಲೈಟೂ ಇಲ್ಲ.

ಮಾರ್ಚ್ 14

ಮೂರು ದಿನ ಮೂಕಿಯಾಗಿ ಕಳೆದೆ. ಚೀಟಿ ಬರೆದು ತೋರಿಸಿದರೆ ಜನ ನನಗೆ ಕಿವಿಯೂ ಕೇಳಿಸದೆಂದು ಕಿರುಚುತ್ತಾರೆ.

ಇವತ್ತು ಕ್ಲಚ್ ಮೇಡಂ ಮೆಮೊರಿ ಕಾರ್ಡ್ ತಂದು ಅದಕ್ಕೆ ಜೀವ ಬರಿಸಿದರು. "ಗೊತ್ತಿಲ್ದೇ ಇರೋದನ್ನ ಮುಟ್ಬೇಡಿ ಅಂತ ನಂಗೆ ಬೈತಿದ್ರಲ್ಲ, ಈಗ?" ಎಂದು ಚುಚ್ಚಿದರು. ಚುಚ್ಚಲಿ. ಈ ಸಲ ಬದಲಾವಣೆ ನಿಂತಿತು. 'ದಯವಿಟ್ಟು' ಹೋಯಿತು, 'ಹೇಳಲೇ' ಹೋಯಿತು. ಒಂದು ಗುಂಡಿಗೆ ಒಂದೇ ಮಾತು ಇಟ್ಟೆವು. ಒತ್ತಿದೆ. "ಬ್ರೇಕ್!" ಕಣ್ಣಲ್ಲಿ ನೀರು ಬಂತು. ಅಷ್ಟು ಖುಷಿ.

"ತಡೆದಿಟ್ಟ ವಾಕ್ಯಗಳು ಅಂತ ಒಂದಿದೆ. ಬಿಡುಗಡೆ ಮಾಡ್ಲಾ?" ಅಂದರು ಮೇಡಂ. ಇನ್ನು ಮುಂದೆ ಏನನ್ನೂ ತಡೆಯದಿರಲಿ ಎಂದು ಜೋರಾಗಿ ತಲೆಯಾಡಿಸಿದೆ.

ಮಾರ್ಚ್ 15, ಭಾನುವಾರ, ಮಧ್ಯಾಹ್ನ

ಊಟಕ್ಕೂ ಏಳದೆ ಬರೆಯುತ್ತಿದ್ದೇನೆ.

ಸ್ಟಿಯರಿಂಗ್‌ನಲ್ಲಿ ಕ್ಲಚ್ ಮೇಡಂ, ಪಕ್ಕದಲ್ಲಿ ನಾನು, ಹಿಂದೆ ಅಣ್ಣ. ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಗುಂಡಿ ಒತ್ತಿದೆ. "ಬ್ರೇಕ್!" ಮೇಡಂ ತುಳಿದರು, ಸರಿಯಾಗಿ. ನನ್ನ ಕಾಲು ಅಲುಗಲಿಲ್ಲ. "ಪರ್ವಾಗಿಲ್ವೇ" ಅಂದ ಅಣ್ಣ.

ಅಲ್ಲಿಗೆ ಮುಗಿಯಬೇಕಿತ್ತು. ಬ್ಯಾಟರಿ ಕೆಂಪಾಗಿತ್ತು. ಕಾರಿನ ಚಾರ್ಜರಿಗೆ ಹಾಕಿದೆ. ಆಫ್ ಆಗಿ ಆನ್ ಆಯಿತು, ತಾನೇ ಮಾತಾಡತೊಡಗಿತು.

"ಹೊಸ ಮೇಷ್ಟ್ರಿಗೆ ಗೇರ್ ಬದಲು ಸೌಟು ಕೊಡಿ." "ನಮ್ಮಣ್ಣನ ತಲೇಲಿ ಇರೋದು ಬರೀ ಮಣ್ಣು." "ಅತ್ತಿಗೆಯ ಸೂಪು ನಾಯಿಗೂ ಬೇಡ."

ಇಷ್ಟು ದಿನ ನುಂಗಿದ್ದನ್ನೆಲ್ಲ ಕೂಡಿಟ್ಟುಕೊಂಡಿತ್ತು, ಮುಂಡೇದು. ಹೊಸದರಿಂದ ಹಳೆಯದಕ್ಕೆ, ಒಂದೊಂದಾಗಿ. ನಿಲ್ಲಿಸುವ ಗುಂಡಿ ಒತ್ತಿದರೆ ಮುಂದಿನದಕ್ಕೆ ಹಾರುತ್ತಿತ್ತು. ಮೇಡಂ ಬಿದ್ದು ಬಿದ್ದು ನಕ್ಕರು. ಅಣ್ಣನೂ ನಕ್ಕ. "ಇದಪ್ಪಾ ನನ್ ತಂಗಿ ಬಾಯಿ. ಕೇಳಿ ಎಷ್ಟು ದಿನ ಆಗಿತ್ತು" ಅಂದ.

ಆಮೇಲೆ ಕೊನೆಯದು. ಅದೇ ಸಕ್ಕರೆ ದನಿಯಲ್ಲಿ.

"ಅಣ್ಣಾ, ಸತ್ತೇ ಹೋಗ್ತೀನೇನೋ ಅಂತ ಭಯ ಆಗ್ತಿದೆ. ಇವತ್ತು ಮನೆಗೆ ಹೋಗ್ಬೇಡ."

ಮೇಡಂ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದರು.

ಆಸ್ಪತ್ರೆಯಲ್ಲಿ ಯಂತ್ರ ಕೈಗೆ ಬಂದ ದಿನದ ಮಾತು ಅದು. ಔಷಧಿಯ ಮಂಪರಿನಲ್ಲಿ ಟೈಪ್ ಮಾಡಿ, ಒತ್ತಿ, ಕಣ್ಣು ಮುಚ್ಚಿದ್ದೆ. ತೆರೆದಾಗ ಅವನ ಕುರ್ಚಿ ಖಾಲಿ. ಕೇಳಿಯೂ ಎದ್ದು ಹೋದ ಎಂದೇ ಇಷ್ಟು ತಿಂಗಳೂ ನಂಬಿದ್ದೆ. ಸಾವಿನ ಮಾತೂ ಸೂಕ್ತವಲ್ಲವೆಂದು ಮರ್ಯಾದಸ್ಥ ಅದನ್ನು ನುಂಗಿಕೊಂಡಿತ್ತು. ಅವನು ಏನು ಮಾಡಿದರೂ ಮೈ ಉರಿಯುತ್ತಿದ್ದದ್ದು ಕಾರಿಗಾಗಿ ಮಾತ್ರ ಅಲ್ಲ.

"ನಂಗೆ ಕೇಳಿಸ್ಲೇ ಇಲ್ಲ ಕಣೇ" ಅಂದ ಅಣ್ಣ. "ನೀನು ನಿದ್ದೆ ಮಾಡ್ತಿದೀಯ ಅಂದ್ಕೊಂಡು ಹೋದೆ." ಇಳಿಯುವಾಗ ಕಾರಿನ ಕೀ ನನ್ನ ಕೈಗಿಟ್ಟ. ಮುಖ ನೋಡಲಿಲ್ಲ.

ಸಂಜೆ

ಬಾಗಿಲು ಬಡಿದ ಸದ್ದು. ಅಣ್ಣ. ಕಂಕುಳಲ್ಲಿ ದಿಂಬು, ಹೊದಿಕೆ. "ಇವತ್ತು ಇಲ್ಲೇ ಮಲಗ್ತೀನಿ" ಅಂತಾನೆ. ಇವನಿಗೆ ತಲೆ ಕೆಟ್ಟಿದೆ. ಈಗ ಗುಂಡುಕಲ್ಲಿನ ಹಾಗಿದ್ದೇನೆ ನಾನು. ಎರಡು ಬೀದಿ ಆಚೆ ಸ್ವಂತ ಮಂಚ ಇದೆ ಅವನಿಗೆ. 'ಹೋಗು' ಎಂದು ಟೈಪ್ ಮಾಡಿದೆ. ಅಳಿಸಿದೆ. ಸೋಫಾ ತುಂಬ ಒಗೆದ ಬಟ್ಟೆ, ತೆಗೆಯಬೇಕು, ಅವನು ಆಗಲೇ ಚಪ್ಪಲಿ ಬಿಟ್ಟು —