ಹೆಣ್ಣುಮಕ್ಕಳ ಬೆಂಚು

ಗುಂಡ್ಲುಪೇಟೆ
೧೧-೮-೧೯೫೫

ಚಿರಂಜೀವಿ ನೀಲಕಂಠನಿಗೆ, ನಿನ್ನಪ್ಪ ಮನಸಾರೆ ಹರಸಿ ಬರೆಯುವುದು.

ಸೊಸೆಯ ಮಂಡಿನೋವು ಹೇಗಿದೆ? ಚಾಮರಾಜನಗರದ ನೀರು ನಿನಗೆ ಒಗ್ಗಿತೇ? ಇಲ್ಲಿ ನಿನ್ನಮ್ಮ ಗಟ್ಟಿಯಾಗಿದ್ದಾಳೆ, ಬೆಳಗೆದ್ದು ನನ್ನನ್ನು ಬೈಯುವಷ್ಟು ಗಟ್ಟಿ.

ಗಂಗಾಂಬಿಕೆ ತಾನಾಗಿಯೇ ಹೈಸ್ಕೂಲು ಬಿಟ್ಟಳಲ್ಲ, ಇನ್ನು ಮದುವೆ ಮಾಡಿಬಿಡೋಣ, ಗಂಡಿನ ಕಡೆಯವರನ್ನು ಕಳಿಸುತ್ತೇನೆ ಎಂದು ನೀನು ಬರೆದಿದ್ದೆ. ಇಲ್ಲಿ ನಮ್ಮ ಜೊತೆಗಿದ್ದು ಚೆನ್ನಾಗಿ ಓದುತ್ತಿದ್ದ ಮೊಮ್ಮಗಳು ಯಾಕೆ ಬಿಟ್ಟಳು ಎಂಬುದೇ ನನಗೆ ತಲೆಗೆ ಹುಳ ಬಿಟ್ಟ ಹಾಗಾಗಿತ್ತು. ಲೆಕ್ಕ ಕಷ್ಟವೇ? ಮೇಷ್ಟರು ಹೊಡೆದರೇ? ಅವಳನ್ನು ಕೇಳಿದರೆ ಪೊರಕೆ ಹಿಡಿದು ಹಿತ್ತಲಿಗೆ ಹೋದಳು. ಮೇಷ್ಟರನ್ನು ಕೇಳಿದರೆ "ಹೆಣ್ಮಕ್ಳು ಅಂಗೇ ಸ್ವಾಮಿ, ಬತ್ತಾರೆ, ಓಯ್ತಾರೆ" ಎಂದರು. ಇದೂ ಒಂದು ಉತ್ತರವೇ!

ಕೊನೆಗೆ ನನಗೆ ಎಲೆಅಡಿಕೆ ಕುಟ್ಟಿಕೊಡುತ್ತ ಕೂತವಳು ತಾನೇ ಬಾಯಿಬಿಟ್ಟಳು: "ಕರೀಮುನ್ನೀಸಾನೇ ಬರಾಕಿಲ್ಲ ಕಣ್ ತಾತ, ಆ ಬೆಂಚಲ್ಲಿ ನಾನೊಬ್ಳೇ ಎಂಗ್ ಕೂರ್ಲಿ?" ಅವರ ತರಗತಿಗೆ ಹೆಣ್ಣುಮಕ್ಕಳು ಇವರಿಬ್ಬರೇ. ಗಂಟೆ ಹೊಡೆದರೂ ಜಗಲಿಯಲ್ಲೇ ನಿಂತಿದ್ದು, ಮೇಷ್ಟರು ಬಂದ ಮೇಲೆ ಅವರ ಹಿಂದೆ ಒಳಗೆ ಹೋಗಬೇಕಂತೆ. ಇಬ್ಬರಾದರೆ ಕೈ ಹಿಡಿದುಕೊಂಡು ಹೋಗಬಹುದು. ಅಷ್ಟು ಗಂಡುಹುಡುಗರ ಎದುರು ಒಬ್ಬಳೇ ಹೋಗುವುದು ಹೇಗೆ, ಪಾಪ!

ಹಾಗಾದರೆ ಕರೀಮುನ್ನೀಸಾ ಯಾಕೆ ಬಿಟ್ಟಳು? ತಡೆಯಲಾಗಲಿಲ್ಲ. ಹಿತ್ತಾಳೆ ಪಾತ್ರೆ ಹಿಡಿದುಕೊಂಡು ಅವಳಪ್ಪ, ಕಲಾಯಿ ಹಾಕುವ ಹಬೀಬುಲ್ಲಾನ ಅಂಗಡಿಗೇ ಹೋದೆ. "ಒಸಗೆ ಆಯ್ತು, ನೀವು ಓದು ಬುಡಿಸ್ಬುಟ್ರಿ ಅಂದ್ಕಂಡೊ ಸ್ವಾಮಿ. ನಮ್ ಮಗೀನ ಒಂದ್ನೇ ಎಂಗ್ ಕಳ್ಸಾದು?" ಎಂದು ನನ್ನನ್ನೇ ಕೇಳಿದ! ಗಂಗಾಂಬಿಕೆ ಮೈನೆರೆದಾಗ ನೀವು ಬಂದು ಒಸಗೆ ಮುಗಿಸಿ ಹೋದಿರಲ್ಲ, ಅಲ್ಲಿಯವರೆಗೆ ಅವಳು ಮನೆಯೊಳಗೇ ಇದ್ದಳು. ಒಸಗೆಯಾದರೆ ಓದು ಮುಗಿಯಿತು ಎಂಬುದು ಊರಿನ ಲೆಕ್ಕ. ಇವಳು ಬರುವುದಿಲ್ಲವೆಂದು ಅವಳು ಬಿಟ್ಟಳು, ಅವಳು ಬಿಟ್ಟಳೆಂದು ಇವಳು ಬಿಟ್ಟಳು. ನಾನೂ ಹಬೀಬುಲ್ಲಾನೂ ಮುಖ ಮುಖ ನೋಡಿಕೊಂಡು ನಕ್ಕೆವು. ಮನೆಗೆ ಬರುವಾಗ ಮಾತ್ರ ಬೇಜಾರಾಯಿತು ಕಣಪ್ಪ. ಇಷ್ಟಕ್ಕೆ ಎರಡು ಮಕ್ಕಳ ಓದು ಹಾಳಾಗುತ್ತಿತ್ತು.

ಸೋಮವಾರದಿಂದ ಇಬ್ಬರೂ ಹೋಗುತ್ತಿದ್ದಾರೆ. ಮದುವೆಯ ವಿಷಯ ನಿಧಾನವಾಗಿ ಮಾತಾಡೋಣ. ಸೊಸೆಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಮಾದಪ್ಪ ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ತಂದೆ,
ವೃಷಭೇಂದ್ರಪ್ಪ

ಮರೆತೆ: ಗಂಡಿನ ಕಡೆಯವರು ನಿನ್ನೆ ಬಂದಿದ್ದರು. ಹುಡುಗಿ ಎಲ್ಲಿ ಎಂದರು. ಸ್ಕೂಲಿಗೆ ಹೋಗಿದ್ದಾಳೆ, ಓದು ಮುಗಿಯುವವರೆಗೂ ಹೋಗುತ್ತಾಳೆ ಎಂದೆ. ಉಪ್ಪಿಟ್ಟು ತಿಂದು ಎದ್ದು ಹೋದರು. ಸಿಟ್ಟು ಬಂದರೆ ಇಲ್ಲಿಗೆ ಬಂದು ನನ್ನನ್ನು ಬೈದುಕೋ, ಮಗುವನ್ನು ಏನೂ ಅನ್ನಬೇಡ. ಬರುವುದಾದರೆ ಭಾನುವಾರ ಬಾ. ಬೇರೆ ದಿನ ಅವಳು ಮನೆಯಲ್ಲಿ ಸಿಗುವುದಿಲ್ಲ.