ಸಿಹಿ ಮೊಸರಿನ ಕೋಣೆ

ಗಾಳಿನಿಂತ ಹದಿನೈದರ ಒಂಬತ್ತನೇ ದಿನ, ೨೧೩೧
ಧಾರವಾಡ

ನನ್ನ ಅಜ್ಜಿಯ ಅಜ್ಜಿ ಶಶಿಕಲವ್ವನವರಿಗೆ ಅನಂತ ಶರಣುಗಳು.

ಮೇಲಿನ ತಿಥಿ ನಿಮ್ಮ ಪಂಚಾಂಗದಲ್ಲಿ ಸಿಗಲಾರದು. ವೈಶಾಖದಲ್ಲಿ ಎಲೆಯೂ ಅಲುಗದ ಹದಿನೈದು ದಿನಗಳಿಗೆ ನಾವು ಇಟ್ಟುಕೊಂಡ ಹೆಸರದು. ನಮ್ಮ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಬಿಸಿಲು ಬದಲಾದಂತೆ ಅದೂ ಬದಲಾಯಿತು.

ಈಗ ಬೆಳಗಿನ ಹನ್ನೊಂದರಿಂದ ಸಂಜೆ ಐದರವರೆಗೆ ‘ಬಾಗಿಲಹೊತ್ತು’. ಆಗ ಯಾರೂ ಬೀದಿಗಿಳಿಯುವಂತಿಲ್ಲ. ಮಕ್ಕಳು ನಸುಕಿನಲ್ಲೇ ಶಾಲೆಗೆ ಹೋಗಿ ಒಂಬತ್ತಕ್ಕೆ ಮರಳುತ್ತಾರೆ. ಮದುವೆಯ ಅಕ್ಷತೆ ಸೂರ್ಯ ಏಳುವ ಮುಂಚೆಯೇ ಬೀಳುತ್ತದೆ. ಯಂತ್ರದ ತಂಪು ಒಂದೊಂದು ಓಣಿಗೆ ನಾಲ್ಕು ತಾಸಿನಂತೆ ಸರದಿಯಲ್ಲಿ ಬರುತ್ತದೆ, ಅದು ‘ತಂಪುಪಾಳಿ’. ಬೇವು ಯುಗಾದಿಗೆ ಎಷ್ಟೋ ಮೊದಲೇ ಹೂಬಿಟ್ಟು ಉದುರುವುದರಿಂದ ಹೂವನ್ನು ಒಣಗಿಸಿ ಡಬ್ಬಿಯಲ್ಲಿಡುತ್ತೇವೆ. ಮರುಗಬೇಡಿ, ಬೇವುಬೆಲ್ಲ ತಪ್ಪಿಲ್ಲ.

ನಾವಿರುವುದು ನಿಮ್ಮ ಅದೇ ಮನೆಯಲ್ಲಿ, ನಿಮ್ಮ ಅಡುಗೆಮನೆಯ ಕ್ಯಾಲೆಂಡರುಗಳೂ ನಮ್ಮಲ್ಲಿವೆ. ರಾತ್ರಿ ಹೆಪ್ಪು ಹಾಕಿದ ಹಾಲು ಬೆಳಗಾಗುವಷ್ಟರಲ್ಲಿ ಹುಳಿಯಾಗತೊಡಗಿದ ವರ್ಷ, ಮೊದಲೆಲ್ಲ ಹೀಗಿರಲಿಲ್ಲವಲ್ಲ ಎಂದು ನೀವು ಗಡಿಗೆಯನ್ನು ಮನೆಯ ತುಂಬ ಇಟ್ಟು ನೋಡಿದಿರಿ. ತಾರೀಖಿನ ಚೌಕದಲ್ಲಿ ಪೆನ್ಸಿಲಿನಿಂದ ಬರೆದಿರಿ: ‘ಪಡಸಾಲೆ, ಹುಳಿ.’ ‘ಅಟ್ಟ, ನೀರೊಡೆಯಿತು.’ ‘ಕತ್ತಲಕೋಣೆ, ಸಿಹಿ.’ ನಿಮ್ಮ ಮಗನ ಮಾತೂ ಒಂದು ಚೌಕದಲ್ಲಿದೆ: “ಯವ್ವಾ, ಮೊಸರಿಗೆ ಮನಿ ಹುಡಕಾಕತ್ತೀಯೇನ? ಅಡ್ವಾನ್ಸ್ ಎಷ್ಟ ಕೇಳ್ಯಾರ?” ಅದರ ಮುಂದಿನ ಹನ್ನೆರಡು ಚೌಕಗಳು ಖಾಲಿ. ಹದಿಮೂರನೆಯದರಲ್ಲಿ ಮತ್ತೆ: ‘ಕತ್ತಲಕೋಣೆ, ಸಿಹಿ.’

ನಿನ್ನೆ ನಡುಮಧ್ಯಾಹ್ನ ನನ್ನ ಮಗಳು ನೀಲಾಂಬೆಗೆ ದಿನ ತುಂಬುವ ಮೊದಲೇ ನೋವು ಬಂತು. ಬಾಗಿಲಹೊತ್ತು, ಆಸ್ಪತ್ರೆಯ ಗಾಡಿ ಐದರ ಮೊದಲು ಹೊರಡುವಂತಿರಲಿಲ್ಲ. ನಮ್ಮ ತಂಪುಪಾಳಿ ಆಗಲೇ ಮುಗಿದಿತ್ತು. ಪಕ್ಕದ ಮನೆಯ ನರ್ಸ್ ಮೆಹರುನ್ನೀಸಾ ಹಿತ್ತಿಲ ಬಾಗಿಲಿನಿಂದ ಓಡಿಬಂದು, “ಅಕ್ಕಾರ, ಈ ಝಳದಾಗ ಕೂಸು ತಡೀಯಾಂಗಿಲ್ಲ. ತಣ್ಣಗಿನ ಜಾಗಾ ಎಲ್ಲೈತಿ ಹೇಳ್ರಿ” ಎಂದಳು. ನನಗೆ ನೆನಪಾದದ್ದು ನಿಮ್ಮ ಪೆನ್ಸಿಲಿನ ಅಕ್ಷರ. ಕತ್ತಲಕೋಣೆಯ ಹಳೆಯ ಪೆಟ್ಟಿಗೆಗಳನ್ನೆಲ್ಲ ಹೊರಗೆಸೆದು ಹಾಸಿಗೆ ಹಾಸಿದೆವು. ಆ ನೋವಿನಲ್ಲೂ ನೀಲಾಂಬೆ, “ಮೊಸರಿನ ಕೋಣ್ಯಾಗ ಮಲಗಸ್ತೀರಿ, ನಾ ಏನ ಹೆಪ್ಪ ಹಾಕಿದ ಹಾಲೇನ?” ಎಂದು ಬೈದಳು. ಮೂರೂವರೆಗೆ ಹೆಣ್ಣುಕೂಸು ಅತ್ತಿತು. ಹೊರಗೆ ಕಬ್ಬಿಣದ ಚಿಲಕ ಮುಟ್ಟಲಾಗುತ್ತಿರಲಿಲ್ಲ. ಒಳಗೆ ಕೂಸಿನ ಹಣೆ ಹದವಾಗಿತ್ತು.

ಈ ಪತ್ರ ನಿಮಗೆ ಹೇಗೆ ತಲುಪುತ್ತದೋ ತಿಳಿಯದು. ತಲುಪುವುದಾದರೆ, ಆ ಹನ್ನೆರಡು ಖಾಲಿ ಚೌಕಗಳ ನಡುವೆ ಎಲ್ಲಾದರೂ ತಲುಪಲಿ. ನಗುವವರು ನಗಲಿ, ನೀವು ಬರೆಯಿರಿ.

ತಾಯಿ-ಕೂಸು ಇಬ್ಬರೂ ಮಲಗಿದ್ದಾರೆ. ನಿನ್ನೆ ಅವಸರದಲ್ಲಿ ಅದೇ ಕೋಣೆಯ ಮೂಲೆಗೆ ಸರಿಸಿದ್ದ ಮೊಸರಿನ ಗಡಿಗೆಯನ್ನು ಈಗ ತೆರೆದು, ಒಂದು ಬೆರಳು ಅದ್ದಿ ನೋಡಿದೆ. ಅವ್ವಾ, ಇನ್ನೂ ಸಿಹಿ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ಗುರುದೇವಿ