ಮೊದಲ ಬನ್ನು ಅಮ್ಮನಿಗೆ

ಆನವಟ್ಟಿ ರಸ್ತೆ,
ಭಾನುವಾರ, ಆಗಸ್ಟ್ ೧೧, ೨೦೨೪

ಪ್ರೀತಿಯ ಅಕ್ಕ ಚೈತ್ರಶ್ರೀಗೆ,

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಮಸ್ತ ಚಹಾಪ್ರಿಯರಿಗೂ ಶಿವಮೊಗ್ಗದಲ್ಲಿ ನೆಲೆಸಿರುವ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಅಂಗಡಿಯ ಬನ್ನು ಇನ್ನು ಮುಂದೆ ದುಂಡಗಿರುವುದಿಲ್ಲ. ಅದು ಚೌಕವಾಗಿದೆ.

ಇಂಥ ಐತಿಹಾಸಿಕ ಸುದ್ದಿಯನ್ನು ತಡವಾಗಿ ತಿಳಿಸಿದ್ದಕ್ಕೆ ಬೈಯಬೇಡ. ಶುಂಠಿಗೆ ಮಣ್ಣು ಏರಿಸುವ ಕೆಲಸವಿತ್ತು. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನು ಇರುವುದು ಗಲ್ಲಾದ ಮೇಲೆ. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಇರುವುದು ಅಮ್ಮ. ಹೊಲದಲ್ಲಿ ಸಿಗ್ನಲ್ಲು ಸಿಗುವುದು ಬೇವಿನ ಮರದ ತುದಿಯಲ್ಲಿ ಮಾತ್ರ. ಈ ಹೊಟ್ಟೆ ಹೊತ್ತು ಮರ ಹತ್ತಲಾರೆ, ಪತ್ರ ಬರೆಯಬಲ್ಲೆ.

ಬನ್ನು ಚೌಕವಾದ ಕಥೆ ಇಷ್ಟೆ. ಹೊಸ ಓವನ್ನಿನ ಟ್ರೇ ಚಿಕ್ಕದು. ನಮ್ಮ ಮನೆಯಾಕೆ ಮಮತಾ ಅದರಲ್ಲಿ ಹಿಟ್ಟಿನುಂಡೆಗಳನ್ನು ಸಂತೆ ದಿನದ ಬಸ್ಸಿನಂತೆ ತುಂಬಿದಳು. ಅವು ಒಳಗೆ ಉಬ್ಬಿ, ಒಂದನ್ನೊಂದು ಒತ್ತಿಕೊಂಡು, ನಾಲ್ಕು ಮೂಲೆ ಸಂಪಾದಿಸಿ ಹೊರಬಂದವು. ಅಮ್ಮ ಒಂದು ವಾರ ಯುದ್ಧ ಮಾಡಿದಳು. "ಮೂಲೆ ಇದ್ರೆ ಅದು ಬನ್ನಲ್ಲ, ಇಟ್ಟಿಗೆ," ಎಂದಳು. ಒಂದೊಂದನ್ನೂ ಬೆರಳಲ್ಲಿ ಒತ್ತಿ, ತಿರುಗಿಸಿ, ತಳ ನೋಡಿ ತಪ್ಪು ಹುಡುಕಿದಳು. ನಾವು ನಕ್ಕೆವು.

ನಮ್ಮ ಪದ್ಧತಿ ನೀನು ಮರೆತಿರಲಾರೆ. ಬೆಳಗಿನ ಮೊದಲ ಬನ್ನು ಅಮ್ಮನದು. ಅದನ್ನು ಮುರಿದು ಅರ್ಧ ತಾನು ಬಾಯಿಗೆ ಹಾಕಿ, ಅರ್ಧ ಮಮತಾಳಿಗೆ ಕೊಡುತ್ತಾಳೆ. ತೀರ್ಪು ಮಾತ್ರ ಅಮ್ಮನದೇ. "ಹ್ಞೂಂ, ಬಾಗ್ಲು ತೆಗೀರಿ" ಎಂದ ಮೇಲೆಯೇ ಷಟರ್ ಏಳುವುದು.

ಕಳೆದ ಮಂಗಳವಾರ ಖಾರದ ಬನ್ನಿನ ಹಿಟ್ಟಿಗೆ ಮಮತಾ ಉಪ್ಪು ಹಾಕಿದ್ದೇ ತಡ, ಹಸು ಈಯುವ ನೋವಿನಲ್ಲಿ ಕೂಗಿತು. ಅವಳು ಕೊಟ್ಟಿಗೆಗೆ ಓಡಿದಳು. ಹಿಟ್ಟನ್ನು ವಹಿಸಿಕೊಂಡ ನಾನು, ಉಪ್ಪು ಬಿದ್ದಿಲ್ಲವೆಂದುಕೊಂಡು ಮತ್ತೊಮ್ಮೆ ಹಾಕಿದೆ. ನನ್ನ ಕೈಯಂತೂ ಧಾರಾಳ. ಬನ್ನು ಬೆಂದಿತು, ಅಮ್ಮ ಅಗಿದಳು, ಹ್ಞೂಂ ಎಂದಳು. ಗುಡವಿಗೆ ಹಕ್ಕಿ ನೋಡಲು ಹೊರಟವರು ಒಂದಿಷ್ಟು ಕಟ್ಟಿಸಿಕೊಂಡರು, ಬಸ್ಸಿನವರು ಒಂದಿಷ್ಟು. ಸ್ವಲ್ಪ ಹೊತ್ತಿಗೆ ಆಟೋ ಮಾಲತೇಶ್ ಪೊಟ್ಟಣ ಹಿಡಿದುಕೊಂಡು ವಾಪಸ್ ಬಂದ.

"ಗುರಣ್ಣ, ಇದನ್ನ ತಿನ್ನಾಕ ಕೊಟ್ಯೋ, ಉಪ್ಪಿನಕಾಯಿಗೆ ಬೆರಸಾಕ ಕೊಟ್ಯೋ?"

ಅಮ್ಮನಿಗೆ ಕೋಪ ಬಂತು. ಟ್ರೇಯಿಂದ ಒಂದು ಬನ್ನು ಎತ್ತಿ, ನಿಂತವರೆಲ್ಲರ ಎದುರು ಪೂರ್ತಿ ತಿಂದಳು. ನೀರು ಕೂಡ ಕೇಳಲಿಲ್ಲ. ಮಾಲತೇಶ್ ಕೈಮುಗಿದು ಹೊರಟುಹೋದ. ನಾನು ಒಳಗೆ ಹೋಗಿ ಒಂದು ತುಂಡು ಕಚ್ಚಿದೆ, ನೇರವಾಗಿ ನಲ್ಲಿಗೆ ಓಡಿದೆ. ಉಳಿದದ್ದನ್ನು ಎಮ್ಮೆಗೆ ಇಟ್ಟರೆ ಅದು ಮೂಸಿ ಮುಖ ತಿರುಗಿಸಿತು. ಅಮ್ಮನ ಹಟ ಗೊತ್ತೇ ಇದೆಯಲ್ಲ.

ಉಳಿದಂತೆ ಎಲ್ಲ ಕ್ಷೇಮ. ಹಸು ಹೆಣ್ಣುಗರು ಹಾಕಿದೆ. ನಮ್ಮ ಹೊಲದ ಅನಾನಸ್ ಜಾಮು ಎರಡು ಬಾಟಲಿ ಬಸ್ಸಿಗೆ ಹಾಕುತ್ತೇನೆ. ಭಾವನಿಗೆ ನಮಸ್ಕಾರ. ಮಕ್ಕಳ ತಲೆಯ ಮೇಲೆ ಅಮ್ಮನ ಕೈ ಸದಾ ಇದೆ. ನಿನ್ನ ಆಶೀರ್ವಾದ ನಮ್ಮ ಓವನ್ನಿನ ಮೇಲೂ ಇರಲಿ.

ನಿನ್ನ ತಮ್ಮ,
ಗುರುಪ್ರಕಾಶ್

ಮತ್ತೆ: ಮೇಲೆ ಹಟ ಎಂದು ಬರೆದೆನಲ್ಲ, ಅದು ಹಟವಲ್ಲ ಅಕ್ಕ. ಅಂದು ಸಂಜೆ ನಾನು ಟ್ರೇ ತೊಳೆಯುವಾಗ ಅಮ್ಮ ಬಂದು ಪಕ್ಕದಲ್ಲಿ ನಿಂತಳು.

"ಗುರು, ಜ್ವರ ಬಂದು ಹೋದಾಗಿಂದ ನನಗೆ ಉಪ್ಪು, ಸಿಹಿ ಒಂದೂ ತಿಳೀತಿಲ್ಲ. ವಾಸನೆನೂ ಇಲ್ಲ. ಮಮತಾ ಅಗಿಯೋವಾಗ ಅವಳ ಮುಖ ನೋಡಿ ಹ್ಞೂಂ ಅಂತಿದ್ದೆ. ಇವತ್ತು ಅವಳು ಕೊಟ್ಟಿಗ್ಯಾಗಿದ್ಲು."

ತೊಳೆದ ಟ್ರೇಯನ್ನೇ ಮತ್ತೆ ತಿಕ್ಕುತ್ತಾ ನಿಂತೆ. ಕೊನೆಗೆ, ಡಾಕ್ಟರಿಗೆ ತೋರಿಸೋಣ ಎಂದೆ.

"ಊರಿಗೆ ಗೊತ್ತಾದ್ರೆ ನಾ ಆ ಸ್ಟೂಲಿನ ಮ್ಯಾಲೆ ಯಾಕೆ ಕೂತ್ಕಳ್ಳಿ? ಚೈತ್ರಂಗೂ ಹೇಳಬ್ಯಾಡ," ಎಂದಳು.

ಬರೆಯಬೇಡ ಎನ್ನಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಖಾರದ ಮಸಾಲೆಗೆ ಅಮ್ಮನ ನಾಲಿಗೆ ಬಿಟ್ಟರೆ ಬೇರೆ ಅಳತೆ ನಮ್ಮಲ್ಲಿಲ್ಲ. ಮಮತಾಳಿಗೆ ಹೇಳಿದ್ದೇನೆ. ಈಗ ದಿನವೂ ಅಮ್ಮನ ಎದುರೇ ನಿಂತು, ನಾಟಕದವರಂತೆ ಮುಖ ಮಾಡಿಕೊಂಡು ನಿಧಾನವಾಗಿ ಅಗಿಯುತ್ತಾಳೆ. ಅಮ್ಮ ಆ ಮುಖ ನೋಡಿ ಹ್ಞೂಂ ಎನ್ನುತ್ತಾಳೆ. ನಾನು ಷಟರ್ ಎತ್ತುತ್ತೇನೆ. ಆಮೇಲೆ ಮೂವರೂ ಒಬ್ಬರನ್ನೊಬ್ಬರು ನೋಡುವುದಿಲ್ಲ.

ಒಂದು ಉಪಕಾರ ಮಾಡು. ಅಲ್ಲಿ ಕಿವಿ-ಮೂಗು-ಗಂಟಲಿನ ಡಾಕ್ಟರ ಹತ್ತಿರ ಬರುವ ಶನಿವಾರಕ್ಕೆ ನಿನ್ನ ಹೆಸರಿನಲ್ಲೇ ಒಂದು ಚೀಟಿ ಮಾಡಿಸಿಡು. ಆಮೇಲೆ ಅಂಗಡಿಗೆ ಫೋನು ಮಾಡು, ಅಮ್ಮನೇ ಎತ್ತುತ್ತಾಳೆ. ನನಗೆ ಕಿವಿ ನೋವು, ಡಾಕ್ಟರ ಹತ್ತಿರ ಜೊತೆಗೆ ಬರಲು ಯಾರೂ ಇಲ್ಲ, ನೀನೇ ಬಾ ಎನ್ನು. ಎಡಗಿವಿ ಎಂದೇ ಹೇಳು. ನಾನೂ ಅದನ್ನೇ ಹೇಳಿರುತ್ತೇನೆ.